ಪೆಟ್ಟಿಗೆಯೊಳಗಿನ ಹುಡುಗಿ

ಮಾರ್ಚ್ 4, ಮಂಗಳವಾರ. ಊಟದ ಬಿಡುವು

ಬೆಳಗಿನಿಂದ ಬರೀ ಮೇಲಿನ ದವಡೆಗಳು. ಮೂರು ಕ್ಲಿನಿಕ್ಕಿನಿಂದ ಅಚ್ಚು ಬಂದಿವೆ, ಎಲ್ಲರಿಗೂ ಶುಕ್ರವಾರವೇ ಹಲ್ಲಿನ ಸೆಟ್ ಬೇಕಂತೆ. ಇಷ್ಟು ದಿನ ಬೊಚ್ಚು ಬಾಯಲ್ಲೇ ನಕ್ಕವರಿಗೆ ಈಗ ಇದ್ದಕ್ಕಿದ್ದಂತೆ ಏನು ಅವಸರವೋ. ಯಜಮಾನರು ನಿಮಿಷಕ್ಕೊಮ್ಮೆ ಇಣುಕುತ್ತಾರೆ — ಲ್ಯಾಬಿನ ಯಜಮಾನರು, ಮನೆಯವರಲ್ಲ. ಮನೆಯವರಾಗಿದ್ದರೆ ಬೈದು ಕಳಿಸುತ್ತಿದ್ದೆ.

ಉಜ್ಜುವ ಮೋಟರ್ ಕೈಗೆ ಬಂದರೆ ಸಾಕು, ಕಾಲು ತಾನೇ ಕುಣಿಯುತ್ತದೆ. ಎಡ-ಬಲ-ಎಡ-ಬಲ. ಡ್ರಮ್ಸಿನ ಜೋಡಿ ಪೆಡಲ್ ತುಳಿದು ಬೆಳೆದ ಕಾಲುಗಳು, ಸುಮ್ಮನಿರಿ ಅಂದರೆ ಕೇಳುತ್ತವೆಯೇ? ಪಕ್ಕದ ಮೇಜಿನವಳು "ಅಕ್ಕಾ, ಭೂಕಂಪ!" ಅಂದಳು. ಕಿವಿಗಡಚಿಕ್ಕುವ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತೇನೆಂದು ಅವಳಿಗೆ ಹೇಳಿದ್ದೇನೆ. ಇವತ್ತಿಗೂ ನಂಬಿಲ್ಲ. ಹಲ್ಲು ಮಾಡುವವಳು ಹಲ್ಲು ಮಾಡಿಕೊಂಡು ಇರಬೇಕು ಅನ್ನುವ ಮುಖ.

ನಮ್ಮ ಬ್ಯಾಂಡಿನ ಮೇಷ್ಟ್ರು ಮೆಸೇಜ್ ಹಾಕಿದ್ದಾನೆ. ಏಪ್ರಿಲ್ ಕೊನೆಗೆ ಬಯಲು ವೇದಿಕೆಯಲ್ಲಿ ಶೋ. ಹಳೆಯ ಬ್ಯಾಂಡುಗಳು, ಹಳೆಯ ಹಾಡುಗಳು. ನಮ್ಮನ್ನೂ ಕರೆದಿದ್ದಾರೆ! 'ಹಳೆಯ' ಅಂದದ್ದಕ್ಕೆ ಕೋಪ ಬರಬೇಕಿತ್ತು. ಬರಲಿಲ್ಲ. ಟಿಫಿನ್ ಡಬ್ಬಿ ಮುಚ್ಚಳದ ಮೇಲೆ ಬೆರಳು ಓಡುತ್ತಿದೆ...

ಮಾರ್ಚ್ 9, ಭಾನುವಾರ

ಕೊನೆಗೂ ಪ್ರಾಕ್ಟೀಸಿಗೆ ಹೋದೆ. "ಹೋಗ್ಬಾ ತಾಯಿ, ಇಲ್ದಿದ್ರೆ ವಾರ ಪೂರ್ತಿ ಪಾತ್ರೆಗಳ ಮೇಲೆ ತೀರಿಸ್ಕೋತೀಯ" ಅಂದರು ಇವರು. ಬಸ್ ಡಿಪೋದಲ್ಲಿ ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕೆಂದು ನಿಗದಿ ಮಾಡುವ ಕೆಲಸ ಇವರದು. ಮನೆಯಲ್ಲೂ ನಿಗದಿ ಮಾಡುತ್ತಾರೆ. ನಾವ್ಯಾರೂ ಹೊರಡುವುದಿಲ್ಲ, ಆ ಮಾತು ಬೇರೆ.

ಮೌನಿಯ ಸ್ಟೇಷನರಿ ಅಂಗಡಿಯ ಹಿಂದಿನ ಗೋದಾಮು. ಸುತ್ತ ಸೂರಿನವರೆಗೂ ಕಾಗದದ ರೀಮುಗಳು. ಸದ್ದು ಹೊರಗೆ ಹೋಗುವುದೇ ಇಲ್ಲ, ಕಾಗದವೇ ಎಲ್ಲ ಕುಡಿದುಬಿಡುತ್ತದೆ. ಇಪ್ಪತ್ತು ವರ್ಷದಿಂದ ಈ ಊರಿನ ಮಕ್ಕಳು ನಮ್ಮ ಗಲಾಟೆ ಕುಡಿದ ಕಾಗದದ ಮೇಲೆ ಪರೀಕ್ಷೆ ಬರೆಯುತ್ತಿದ್ದಾರೆ. ಫೇಲಾದರೆ ನಾವು ಜವಾಬ್ದಾರರಲ್ಲ.

ಅದೇ ನಾಲ್ಕು ಜನ. ಮೌನಿ ಬೇಸ್ ಗಿಟಾರ್. ಮಾತಾಡಿದರೆ ಮುತ್ತು ಉದುರಿಹೋಗುತ್ತದೆಂದು ಬಾಯಿ ಬಿಡುವುದಿಲ್ಲ. ಗುಡುಗಪ್ಪ ಹಾಡುವವನು, ಔಷಧಿ ಅಂಗಡಿಯಲ್ಲಿ "ಊಟ ಆದ್ಮೇಲೆ ತಗೊಳ್ಳಿ" ಎಂದು ಪಿಸುಗುಟ್ಟುವ ಪ್ರಾಣಿ, ಮೈಕ್ ಮುಂದೆ ನಿಂತರೆ ಸಿಡಿಲು. ಮೇಷ್ಟ್ರು ಗಿಟಾರ್. ಕೆಲಸ ಲಿಫ್ಟ್ ರಿಪೇರಿ. ಎಲ್ಲರನ್ನೂ ತಿದ್ದುತ್ತಾನೆಂದು ಆ ಹೆಸರು. ಹಾಡುಗಳನ್ನೆಲ್ಲ ಕಟ್ಟಿದ್ದು ಅವನೇ. ಎಲ್ಲರ ಹೊಟ್ಟೆಯೂ ಮುಂದೆ ಬಂದಿದೆ, ಗಿಟಾರ್ ಪಟ್ಟಿ ಒಂದು ತೂತು ಸಡಿಲ.

ಶೋಗೆ 'ತುಕ್ಕು' ಬಾರಿಸಲೇಬೇಕಂತೆ. ನಮ್ಮ ಮೊಟ್ಟಮೊದಲ ಹಾಡು. ಪಲ್ಲವಿಗೆ ಮೊದಲು ನನ್ನದೊಂದು ಓಟ ಬರುತ್ತದೆ, ಎಲ್ಲ ಡ್ರಮ್ಮುಗಳ ಮೇಲೂ ಕೈ ಓಡಿಸಿಕೊಂಡು ಬರುವುದು. ಅಲ್ಲಿ ನಾನು ಯಾವಾಗಲೂ ಅವಸರದವಳು, ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ. ಮೊದಲ ವರ್ಷ ಮೇಷ್ಟ್ರು ಬೈದು ಬೈದು ಸುಸ್ತಾದ. ಆಮೇಲೆ ಮೂವರೂ ಆ ತಪ್ಪಿಗೇ ಹೊಂದಿಕೊಂಡರು. ಗುಡುಗಪ್ಪ ಉಸಿರೆಳೆದುಕೊಳ್ಳುವುದೂ ನನ್ನ ಅವಸರ ನೋಡಿಕೊಂಡೇ.

ಅದನ್ನು ಬಾರಿಸಿ ವರ್ಷಗಳೇ ಆದವು. ಇವತ್ತೂ ಆಗಲಿಲ್ಲ; ಮಗಳ ಟ್ಯೂಷನ್ ಬಿಡುವ ಹೊತ್ತಾಗಿತ್ತು, ಎದ್ದು ಬಂದೆ.

ಮಾರ್ಚ್ 12, ಬುಧವಾರ. ಆಸ್ಪತ್ರೆ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ನಾಳೆ ಆಪರೇಷನ್. ಇವರು ಕಾರಿಡಾರಿನಲ್ಲಿ ಅತ್ತಿತ್ತ ನಡೆಯುತ್ತಿದ್ದಾರೆ. ಕೈ ಹಿಡಿದು ಕೂರಿಸಿದರೆ ಮತ್ತೆ ಏಳುತ್ತಾರೆ.

ಮಾರ್ಚ್ 30, ಭಾನುವಾರ

ಅತ್ತೆ ಮನೆಗೆ ಬಂದಿದ್ದಾರೆ. ಹಾಲಿನಲ್ಲೇ ಮಂಚ. ಬೆಳಿಗ್ಗೆ ನಾನು, ಮಧ್ಯಾಹ್ನ ನರ್ಸ್, ಸಂಜೆ ಮತ್ತೆ ನಾನು. ಮಗಳಿಗೆ ಪರೀಕ್ಷೆ. ಲ್ಯಾಬಿನಲ್ಲಿ ರಜೆ ಕೇಳುವ ಮುಖವೇ ಉಳಿದಿಲ್ಲ. ಪ್ರಾಕ್ಟೀಸ್? ಅದರ ಸುದ್ದಿಯೇ ಬೇಡ. ಮೇಷ್ಟ್ರು ಎರಡು ಸಲ ಫೋನ್ ಮಾಡಿದ, ಆಮೇಲೆ ನಿಲ್ಲಿಸಿದ. ನಿಲ್ಲಿಸಿದ್ದೇ ಹೆಚ್ಚು ಚುಚ್ಚಿತು.

ಅತ್ತೆಗೆ ಮಾತು ಬೇಕು. ಮಲಗಿದಲ್ಲೇ ಕೇಳಿದರು, "ನಿಮ್ಮಿಬ್ರಿಗೂ ಎಲ್ಲಿ ಗಂಟು ಬಿತ್ತು ಅಂತ ನೀವು ಸರಿಯಾಗಿ ಹೇಳ್ಲೇ ಇಲ್ಲ." ಹೇಳಿದೆ. ಇವರು ಆಗ ಕಂಡಕ್ಟರ್. ನಾನು ದೊಡ್ಡ ಡ್ರಮ್ ತಬ್ಬಿಕೊಂಡು ಬಸ್ ಹತ್ತಿದೆ. "ಅದಕ್ಕೂ ಟಿಕೆಟ್ ಆಗುತ್ತೆ" ಅಂದರು. "ಅದೇನು ಸೀಟಲ್ಲಿ ಕೂತಿದ್ಯಾ?" ಅಂದೆ. "ನೀವೂ ಕೂತಿಲ್ವಲ್ಲ!" ಬಸ್ಸಿಗೆ ಬಸ್ಸೇ ನಕ್ಕಿತು. ಕೊನೆಗೆ ಡ್ರಮ್ಮಿಗೆ ಅರ್ಧ ಟಿಕೆಟ್ ಹರಿದರು, ಮಕ್ಕಳದು. ಮರುವಾರ ಅದೇ ಬಸ್ಸಿಗೆ ಕಾದು ನಿಂತೆ, ಮೂರು ಬಸ್ಸು ಬಿಟ್ಟು.

ಅತ್ತೆ ನಕ್ಕರು, ನೋವಾಯಿತು, ಬೈದರು. ನನಗೆ ಮಾತ್ರ ಆ ಬಸ್ಸಿನ ಕಂಬಿ ಕೈಗೆ ಸಿಕ್ಕ ಹಾಗಾಯಿತು. ಎಷ್ಟು ಹಗುರ ಇದ್ದೆ ಆಗ! ಡ್ರಮ್ ಹೊತ್ತರೂ ಹಗುರ.

ಏಪ್ರಿಲ್ 6, ಭಾನುವಾರ

ಹೊಟ್ಟೆ ಉರಿಯುತ್ತಿದೆ. ಬರೆದರೆ ಕಡಿಮೆಯಾಗಬಹುದು.

ಇವರು ಅತ್ತೆಯ ಪಕ್ಕ ಕೂತರು, ನಾನು ಗೋದಾಮಿಗೆ ಓಡಿದೆ. ಬಾಗಿಲ ಹೊರಗೇ ಡ್ರಮ್ಸ್ ಸದ್ದು. ಬೇರೆ ಯಾರನ್ನೋ ಕರೆತಂದರಾ? ಒಳಗೆ ಹೋದರೆ ನನ್ನ ಸ್ಟೂಲ್ ಖಾಲಿ. ಅದರ ಮೇಲೆ ಒಂದು ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಸದ್ದು ಅದರದು.

"ಸಿಟ್ಟಾಗ್ಬೇಡ, ಪೂರ್ತಿ ಕೇಳು" ಅಂದ ಮೇಷ್ಟ್ರು. "ಇದು ನೀನೇ."

ನಾನೇ. ನಮ್ಮ ಹಳೆಯ ರೆಕಾರ್ಡಿಂಗಿನಿಂದ ನನ್ನ ಒಂದೊಂದೇ ಏಟು ಕತ್ತರಿಸಿ ಪೆಟ್ಟಿಗೆಗೆ ತುಂಬಿದ್ದಾನೆ. ಈಗ ಗುಂಡಿ ಒತ್ತಿದರೆ ಇಪ್ಪತ್ತೆರಡು ವರ್ಷದ ನಾನು ಬಾರಿಸುತ್ತೇನೆ. ಅವಳಿಗೆ ಅತ್ತೆ ಇಲ್ಲ, ಲ್ಯಾಬ್ ಇಲ್ಲ, ಟ್ಯೂಷನ್ನಿಗೆ ಬಿಡುವ ಮಗಳಿಲ್ಲ. ಕರೆದಾಗ ಬರುತ್ತಾಳೆ.

ಆ ರೆಕಾರ್ಡಿಂಗಿನ ದಿನ ಚೆನ್ನಾಗಿ ನೆನಪಿದೆ. ಬಾಡಿಗೆ ಕೋಣೆ, ಸದ್ದಾಗುತ್ತದೆಂದು ಫ್ಯಾನ್ ಆರಿಸಿದ್ದರು. ಬೆವರಿಗೆ ಕೋಲು ಜಾರಿ ಮೌನಿಯ ಹಣೆಗೆ ಬಡಿದಿತ್ತು. ಅವನು ಅವತ್ತೂ ಮಾತಾಡಲಿಲ್ಲ. ಮುಗಿದ ಮೇಲೆ ನಾಲ್ವರೂ ಮೆಟ್ಟಿಲ ಮೇಲೆ ಕೂತು ಒಂದೇ ಬಾಟಲಿ ನೀರು ಕುಡಿದೆವು. ಪ್ರಪಂಚ ಗೆದ್ದವರ ಹಾಗೆ.

ಕೇಳುತ್ತ ಕೇಳುತ್ತ ಕಣ್ಣು ತುಂಬಿತ್ತು, ಸುಳ್ಳು ಯಾಕೆ. ಅಷ್ಟರಲ್ಲಿ ಆ ಓಟ ಬಂತು. ಅವಸರ ಇಲ್ಲ! ಗಡಿಯಾರದ ಹಾಗೆ ನೆಟ್ಟಗಿದೆ. ಗುಡುಗಪ್ಪ ಹಳೆಯ ಅಭ್ಯಾಸಕ್ಕೆ ಮೊದಲೇ ಉಸಿರೆಳೆದು, ಬಾಯಿ ತೆರೆದುಕೊಂಡು ಕಾಯುತ್ತ ನಿಂತ.

"ಎಲ್ಲಿ ಅದು?" ಅಂದೆ.

"ತಿದ್ದಿದೀನಿ."

"ನಿಂಗ್ಯಾರು ಹೇಳಿದ್ದು ತಿದ್ದೋಕೆ? ನನ್ನ ತಪ್ಪು ಅದು. ನಂದು!"

"ಶೋಗೆ ಮೂರು ವಾರ ಇಲ್ಲ. ನೀನು ಬರಲ್ಲ. ನಾನೇನು ಮಾಡ್ಲಿ, ಹೇಳು?"

ಮೌನಿ ರೀಮುಗಳನ್ನು ಎಣಿಸುವವನ ಹಾಗೆ ಆ ಕಡೆ ತಿರುಗಿ ನಿಂತಿದ್ದ. ಅತ್ತೆಯ ಮಾತ್ರೆಯ ಹೊತ್ತು, ಬಂದುಬಿಟ್ಟೆ.

ಏಪ್ರಿಲ್ 8, ಮಂಗಳವಾರ

ಹಳೆಯ ರೆಕಾರ್ಡಿಂಗ್ ನನ್ನ ಹತ್ತಿರವೂ ಇದೆ, ತಿದ್ದದೇ ಇರುವುದು. ಮಗಳಿಗೆ ಕೇಳಿಸಿದೆ. ಹದಿನೇಳು ವರ್ಷ, ನನ್ನ ಯಾವುದೂ ಅವಳಿಗೆ ಹಿಡಿಸುವುದಿಲ್ಲ. ಒಂದು ಕಿವಿಗೆ ಹಾಕಿಕೊಂಡಳು. ಆಮೇಲೆ ಎರಡೂ ಕಿವಿಗೆ.

"ಇದು ನೀನಾ? ಯಾರೋ ಅಟ್ಟಿಸ್ಕೊಂಡು ಬರೋ ಹಾಗೆ ಬಾರಿಸಿದೀಯಲ್ಲಮ್ಮಾ."

ಆಗ ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ ಮಗಳೇ. ಈಗ ಬರುತ್ತಾರೆ. ಹೇಳಲಿಲ್ಲ. ಓದು ಹೋಗು ಅಂದೆ.

ಏಪ್ರಿಲ್ 10, ಗುರುವಾರ. ಬೆಳಿಗ್ಗೆ

ತಲೆದಿಂಬಿನ ಮೇಲೆ ಪ್ರಾಕ್ಟೀಸ್ ಶುರು. ಅತ್ತೆ ಕಣ್ಣು ಮುಚ್ಚಿ ಕೇಳುತ್ತಾರೆ. ಮದುವೆಯ ಹೊಸದರಲ್ಲಿ ಇದೇ ಕುಟ್ಟುವ ಚಟಕ್ಕೆ ಬೈಸಿಕೊಂಡಿದ್ದು ಅಷ್ಟಿಷ್ಟಲ್ಲ.

"ನಿಲ್ಸೋದಾ ಅತ್ತೆ?"

"ನಿಲ್ಸಬೇಡ. ಸದ್ದಿದ್ರೆ ಮನೇಲಿ ಯಾರೋ ಇದಾರೆ ಅನ್ಸುತ್ತೆ. ಕಾಲು ಮಾತ್ರ ಕುಟ್ಬೇಡ ಕಣೇ, ಮಂಚ ಅಲ್ಲಾಡಿ ಜೀವ ಹೋಗುತ್ತೆ."

ಏಪ್ರಿಲ್ 13, ಭಾನುವಾರ

ಹೋದೆ. ಪೆಟ್ಟಿಗೆ ಎತ್ತಿ ರೀಮಿನ ಮೇಲಿಟ್ಟೆ, ಕೂತೆ. "ಇವತ್ತು ನಾನು."

'ತುಕ್ಕು'. ಶುರು ಚೆನ್ನಾಗಿತ್ತು. ಓಟ ಹತ್ತಿರ ಬಂತು. ಮೂವರೂ ನನ್ನ ಹಳೆಯ ಅವಸರಕ್ಕೆ ಮೈ ಬಾಗಿಸಿದರು, ಗುಡುಗಪ್ಪ ಅರ್ಧ ಉಸಿರೆಳೆದ. ನಾನು ಅಲ್ಲಿರಲಿಲ್ಲ. ಹಿಂದೆ ಇದ್ದೆ. ತಾಳಕ್ಕಿಂತ ಹಿಂದೆ! ಮತ್ತೆ ಬಾರಿಸಿದೆವು, ಮತ್ತೆ ಹಿಂದೆ. ಮೂರನೆಯ ಸಲ ಹಲ್ಲು ಕಚ್ಚಿಕೊಂಡು ಓಡಿಸಿದೆ, ಕೋಲೇ ಬಿದ್ದುಹೋಯಿತು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆತ್ತಗೆ ಅಂದ, "ಆ ಸದ್ದು ಇನ್ಯಾರಿಗೂ ಬರಲ್ಲ. ನಿಂಗೂ ಬರಲ್ಲ. ಪೆಟ್ಟಿಗೆ ಇಟ್ಕೊಳ್ಳೋಣ. ನೀನು ಪಕ್ಕದಲ್ಲಿ ಜಾಗಟೆಗೀಗಟೆ ಏನಾದ್ರೂ..."

ಜಾಗಟೆ! ನನಗೆ!

ಮನೆಗೆ ಬಂದು ಬಟ್ಟೆ ಒಣಹಾಕುತ್ತ ಅತ್ತುಬಿಟ್ಟೆ. ಅವನ ಮೇಲಿನ ಸಿಟ್ಟಿಗಲ್ಲ, ಅವನು ಹೇಳಿದ್ದು ನಿಜವೆಂದು. ಆ ಹುಡುಗಿ ನನ್ನೊಳಗೆ ಎಲ್ಲೋ ಇದ್ದಾಳೆ, ಒಂದು ದಿನ ಬಿಡುವು ಸಿಕ್ಕರೆ ಎದ್ದು ಬರುತ್ತಾಳೆ ಅಂದುಕೊಂಡೇ ಇಷ್ಟು ವರ್ಷ ಹಲ್ಲು ಉಜ್ಜಿದೆ, ಟ್ಯೂಷನ್ನಿಗೆ ಬಿಟ್ಟೆ, ಅಡುಗೆ ಮಾಡಿದೆ. ಅವಳು ಯಾವಾಗ ಹೋದಳು? ಹೇಳಿಯಾದರೂ ಹೋಗಬಾರದಿತ್ತೇ.

ಏಪ್ರಿಲ್ 15, ಮಂಗಳವಾರ

ಅತ್ತೆಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಗುಡುಗಪ್ಪ. ಮಾತ್ರೆ ಕೊಟ್ಟ, ಚಿಲ್ಲರೆ ಕೊಟ್ಟ, ಆಮೇಲೂ ನಿಂತೇ ಇದ್ದ.

"ಭಾನುವಾರ ನೀನು ಹಿಂದೆ ಬಿದ್ಯಲ್ಲ, ಆಗ ನಂಗೊಂದು ಪೂರ್ತಿ ಉಸಿರು ಸಿಕ್ತು. ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ."

"ಅಂದ್ರೆ?"

"ನಿನ್ನ ಅವಸರಕ್ಕೆ ಅರ್ಧ ಉಸಿರಲ್ಲೇ ಕಿರುಚ್ತಿದ್ದೆ. ಆಗ ನಡೀತಿತ್ತು. ಈಗ ನಂಗೂ ವಯಸ್ಸಾಯ್ತಲ್ಲ. ಆ ಪೆಟ್ಟಿಗೇಲಿ ಅವಸರ ಇಲ್ದಿದ್ರೂ ವೇಗ ಹಳೇದೇ, ಅದರ ಜೊತೆ ಹಾಡಿದ್ರೆ ಎದೆ ಹಿಡ್ಕೊಳ್ಳುತ್ತೆ."

"ಅವತ್ತೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ಮೈಕ್ ಇಲ್ದೆ ನಂಗೆ ಧೈರ್ಯ ಬರಲ್ಲ ಕಣೇ."

ಹಿಂದೆ ನಿಂತವರು ಕೆಮ್ಮಿದರು, ಕೆಮ್ಮಿನ ಔಷಧಿಗೇ ಬಂದವರು. ನಾನು ನಗುತ್ತಲೇ ಮನೆ ಸೇರಿದೆ.

ಏಪ್ರಿಲ್ 20, ಭಾನುವಾರ

ಮೇಷ್ಟ್ರು ಬರಲಿಲ್ಲ. ಯಾವುದೋ ಲಿಫ್ಟ್ ನಿಂತಿದೆಯಂತೆ. ಲಿಫ್ಟಲ್ಲ ನಿಂತಿರುವುದು, ಅವನ ತಲೆ.

ಮೂವರೇ ಬಾರಿಸಿದೆವು. ಓಡಲು ಹೋಗಲಿಲ್ಲ. ಕೈ ಎಲ್ಲಿಗೆ ಬೀಳುತ್ತದೋ ಅಲ್ಲಿಗೇ ಬೀಳಲೆಂದು ಬಿಟ್ಟೆ. ಹಾಡು ಭಾರವಾಯಿತು, ಆಗ ಓಡುತ್ತಿದ್ದದ್ದು ಈಗ ಕಾಲೂರಿ ನಡೆಯಿತು. ಗುಡುಗಪ್ಪ ಪೂರ್ತಿ ಉಸಿರೆಳೆದು ಪಲ್ಲವಿಗೆ ಬಾಯಿ ತೆರೆದಾಗ ನನ್ನ ಬೆನ್ನು ಜುಮ್ಮೆಂದಿತು. ಎರಡು ರೀಮು ಕೆಳಗೆ ಬಿದ್ದವು.

"ಇದು ಬೇರೆ ಹಾಡು" ಅಂದ ಮೌನಿ. ಬಿದ್ದ ರೀಮು ಎತ್ತಿಡುತ್ತ, "ಚೆನ್ನಾಗಿದೆ."

ಅವನ ವರ್ಷದ ಕೋಟಾ ಮುಗಿಯಿತು ಅಂದುಕೊಂಡರೆ, ತಾನೇ ಮೇಷ್ಟ್ರಿಗೆ ಫೋನ್ ಹಚ್ಚಿ ಸ್ಪೀಕರಿನ ಪಕ್ಕ ಇಟ್ಟ. ಮತ್ತೊಮ್ಮೆ ಬಾರಿಸಿದೆವು. ಮುಗಿಯುವವರೆಗೂ ಲೈನಿನಲ್ಲಿದ್ದ. ಒಂದು ಮಾತಿಲ್ಲದೆ ಕಟ್ ಮಾಡಿದ.

ಆ ಹುಡುಗಿಯ ಮೇಲಿನ ಹೊಟ್ಟೆಕಿಚ್ಚು ಇವತ್ತು ಹೋಯಿತು. ನೆನಪು ಹೋಗಿಲ್ಲ. ತುಂಬ ನೆನಪಾಗುತ್ತಾಳೆ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ, ವೇದಿಕೆಯ ಹಿಂದೆ

ಸುಡು ಬಿಸಿಲು. ಇವರು ರಜೆ ಹಾಕಿ ಅತ್ತೆಯ ಹತ್ತಿರ ಕೂತಿದ್ದಾರೆ. ಮಗಳು ಬಂದಿದ್ದಾಳೆ, ಆದರೆ ನನಗೂ ಅವಳಿಗೂ ಸಂಬಂಧವೇ ಇಲ್ಲ ಅನ್ನುವಷ್ಟು ದೂರದಲ್ಲಿ ನಿಂತಿದ್ದಾಳೆ.

ಮೇಷ್ಟ್ರು ಬಂದ. ಪೆಟ್ಟಿಗೆ ತಂದಿದ್ದಾನೆ. ಸೌಂಡಿನವನು ವೈರ್ ಹಿಡಿದುಕೊಂಡು ಕೇಳಿದ, "ಡ್ರಮ್ಸ್ ಯಾವ್ದು ಸರ್? ಇದಾ, ಅವರಾ?"

ಮೇಷ್ಟ್ರು ತುಂಬ ಹೊತ್ತು ಪೆಟ್ಟಿಗೆಯನ್ನೇ ನೋಡಿದ. "ಅವರು" ಅಂದ. ಆಮೇಲೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತ.

"ಒಬ್ನೇ ಕೂತು ಕೇಳ್ತಿದ್ದೆ ಅದನ್ನ. ಗುಂಡಿ ಒತ್ತಿದ್ರೆ ನಾವೆಲ್ಲ ಮತ್ತೆ ಆ ಮೆಟ್ಟಿಲ ಮೇಲೆ ಕೂತ ಹಾಗಾಗ್ತಿತ್ತು."

"ಗೊತ್ತು. ನಂಗೂ ಹಾಗೇ ಆಯ್ತು."

"ಜಾಗಟೆ ಅಂದಿದ್ದು..."

"ಅದನ್ನ ಸಾಯೋವರೆಗೂ ಮರೆಯಲ್ಲ, ಆಸೆ ಇಟ್ಕೋಬೇಡ."

ನಕ್ಕ. ಮೂಗು ಒರೆಸಿಕೊಂಡ. "ಎಷ್ಟು ನಿಧಾನ? ನೀನೇ ಎಣಿಸು. ನಾನು ನಿನ್ನ ಹಿಂದೆ ಬರ್ತೀನಿ."

ಇಪ್ಪತ್ತು ವರ್ಷವೂ ಹಿಮ್ಮಡಿ ಕುಟ್ಟಿ ನನಗೆ ವೇಗ ಹೇಳಿಕೊಟ್ಟವನು ಇವನು. ಕೇಳಿದ್ದು ಇದೇ ಮೊದಲು.

ಕರೆಯುತ್ತಿದ್ದಾರೆ. ಮಂಡಿ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಬೇಕು, ಅಷ್ಟೇ. ಒಂದಕ್ಕೂ ಎರಡಕ್ಕೂ ನಡುವೆ ಈಗ ಎಷ್ಟು ಜಾಗ ಇದೆ ಅಂದರೆ, ಗುಡುಗಪ್ಪನ ಪೂರ್ತಿ ಉಸಿರು ಅದರಲ್ಲಿ ಹಿಡಿಸುತ್ತದೆ.