ಗುಲಾಬಿ ಬುಕ್‌ಲೆಟ್

ಮನೆಯಿಂದ,
ಭಾನುವಾರ, ಬಟ್ಟೆ ಒಣಹಾಕಿ ಕೂತ ಹೊತ್ತು

ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇಲ್ಲಾ ಪಾಠದ ಜೊತೆಗೆ ಅದನ್ನೂ ನಿನ್ನ ಶಾಲೆಯ ಮಕ್ಕಳಿಗೆ ಹಂಚುತ್ತಿದ್ದೀಯೋ? ಹಾಸ್ಟೆಲಿನ ಆ ಕಿಟಕಿಗೆ ಗಾಜು ಹಾಕಿಸಿಕೊ ಎಂದು ಎಷ್ಟು ಸಲ ಹೇಳಿದರೂ ನೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಡಿಪೋದಲ್ಲಿ ಹರಿದ ಬಸ್ ಸೀಟುಗಳು ಗುಡ್ಡ ಬಿದ್ದಿವೆಯಂತೆ, ದಪ್ಪ ಸೂಜಿ ಹಿಡಿದು ಹಿಡಿದು ಹೆಬ್ಬೆರಳು ಊದಿಸಿಕೊಂಡು ಬಂದಿದ್ದಾರೆ. ಎಣ್ಣೆ ಹಚ್ಚುತ್ತೇನೆಂದರೆ ಏನಿಲ್ಲ ಬಿಡೇ ಅನ್ನುತ್ತಾರೆ, ಆಮೇಲೆ ತಾವೇ ಕೈ ಚಾಚಿಕೊಂಡು ಎದುರಿಗೆ ಬಂದು ಕೂರುತ್ತಾರೆ.

ನಿನ್ನೆ ನಿನ್ನ ಶಿಷ್ಯೆ ಫಿಸಿಕ್ಸ್ ಪರೀಕ್ಷೆ ಬರೆದಳು. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕಿ ಲೆಕ್ಕ ತಿದ್ದಲು ಶುರುಮಾಡುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದು, ಆಮೇಲೆ ಬೈಯುವೆಯಂತೆ.

ಪರೀಕ್ಷೆಯ ಕೋಣೆಯಲ್ಲಿ ನನ್ನ ಅಕ್ಕಪಕ್ಕ ಇದ್ದದ್ದೆಲ್ಲ ಮೀಸೆ ಮೂಡುತ್ತಿರುವ ಹುಡುಗರು. ಮೇಲ್ವಿಚಾರಕಿ ಬಂದು, ಪೋಷಕರೆಲ್ಲ ಹೊರಗಿರಬೇಕಮ್ಮಾ ಎಂದರು. ಹಾಲ್ ಟಿಕೆಟ್ ತೋರಿಸಿದೆ. ಫೋಟೋ ನೋಡಿದರು, ನನ್ನನ್ನು ನೋಡಿದರು, ಕೂತ್ಕೊಳ್ಳಿ ಎಂದು ಮೆಲ್ಲಗೆ ಹೇಳಿ ಹೋದರು. ನಾಚಿಕೆಯಾಯಿತೇ ಎಂದು ಕೇಳಬೇಡ, ಆಯಿತು. ಆದರೆ ಎಕ್ಸ್-ರೇ ಕೋಣೆಯಲ್ಲಿ ಇಷ್ಟು ವರ್ಷ ರೋಗಿಗಳನ್ನು ನಿಲ್ಲಿಸಿ, ಗಲ್ಲ ಎತ್ತಿಸಿ, ಉಸಿರು ಹಿಡೀರಿ ಎಂದು ಹೇಳುವವಳು ನಾನು, ಗುಂಡಿ ಒತ್ತಲು ಮಾತ್ರ ಬೇರೆಯವರು ಬರಬೇಕು. ಆ ಗುಂಡಿಯ ಆಸೆ ನಿನಗೆ ಗೊತ್ತಲ್ಲ. ಟೆಕ್ನಿಷಿಯನ್ ಕೋರ್ಸಿಗೆ ಫಿಸಿಕ್ಸ್ ಪಾಸಾಗಿರಬೇಕು, ವಯಸ್ಸಿನ ಮಿತಿ ನನಗೆ ಈ ವರ್ಷಕ್ಕೆ ಮುಗಿಯುತ್ತದೆ. ಇದು ತಪ್ಪಿದರೆ ಮತ್ತೆ ಆ ಬಾಗಿಲು ತೆರೆಯುವುದಿಲ್ಲ.

ಪೇಪರು ಅಷ್ಟೇನೂ ಕಷ್ಟವಿರಲಿಲ್ಲ. ಹಿಗ್ಗಿಕೊಂಡೇ ಹೊರಗೆ ಬಂದೆ. ಅಂಗಳದಲ್ಲಿ ಮಕ್ಕಳು ಗುಂಪುಗುಂಪಾಗಿ ಕೂತು ಉತ್ತರ ತಾಳೆ ನೋಡುತ್ತಿದ್ದರು. ಕೆಲವರು ಮೆಟ್ಟಿಲ ಮೇಲೆ, ಕೆಲವರು ನೀರಿನ ಟ್ಯಾಂಕಿನ ಹತ್ತಿರ, ಇನ್ನು ಕೆಲವರು ಸೈಕಲ್ ನಿಲ್ಲಿಸುವಲ್ಲಿ. ನನಗೇನು ಗೊತ್ತು, ಮೆಟ್ಟಿಲಲ್ಲಿ ಜಾಗವಿತ್ತು, ಕೂತೆ. ಕೊಕ್ಕರೆ ಎಂದು ಎಲ್ಲರೂ ಕರೆಯುವ ಒಬ್ಬ ಉದ್ದನೆಯ ಹುಡುಗ ನಂಬರು ಕೂಗುತ್ತಿದ್ದ, ಮಿಕ್ಕವರು ಉತ್ತರ ಹೇಳುತ್ತಿದ್ದರು. ಮೊದಲನೆಯದು ಬಿ. ನಾನು ಗುರುತು ಹಾಕಿದ್ದು ಡಿ. ಎರಡನೆಯದು ಎ, ನನ್ನದು ಸಿ. ಹೀಗೇ ಸಾಗಿತು ನೋಡು, ಅಪ್ಪಿತಪ್ಪಿ ಎಲ್ಲೋ ಒಂದೊಂದು ಸೇರುತ್ತಿತ್ತು ಅಷ್ಟೆ. ಆ ಮಕ್ಕಳೆಲ್ಲ ಒಂದೇ ಬಾಯಲ್ಲಿ ಹೇಳುತ್ತಿರುವಾಗ ತಪ್ಪಿದವಳು ನಾನೇ ತಾನೆ? ಅಳು ಬರುವ ಮೊದಲು ಚೀಲ ಎತ್ತಿಕೊಂಡು ಎದ್ದೆ. ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಅಳು ಬಂದೇಬಿಟ್ಟಿತು. ನಿನ್ನ ಮುಖ ನೆನಪಾಯಿತು ಕಣೇ, ರಜೆಯನ್ನೆಲ್ಲ ನನಗೆ ಪಾಠ ಹೇಳುತ್ತ ಕಳೆದೆಯಲ್ಲ, ಅದು ನೆನಪಾಗಿ ಇನ್ನೂ ಅತ್ತೆ.

ಆಗ ಕನ್ನಡಕದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು. ಮೆಟ್ಟಿಲಲ್ಲಿ ನನ್ನ ಪಕ್ಕವೇ ಕೂತಿದ್ದವಳು. ಆಂಟೀ, ನಿಮ್ ಬುಕ್‌ಲೆಟ್ ಗುಲಾಬಿ ಅಲ್ವಾ, ನಾವೆಲ್ಲ ಹಳದಿಯವರು, ನೀವ್ಯಾಕೆ ನಮ್ಮ ಜೊತೆ ಕೂತಿದ್ರಿ ಎಂದಳು. ನೋಡಿದರೆ, ಕಾಪಿ ಹೊಡೆಯಬಾರದೆಂದು ಒಂದೇ ಪ್ರಶ್ನೆಗಳನ್ನು ಬಣ್ಣಕ್ಕೊಂದು ಥರ ಹಿಂದೆಮುಂದೆ ಮಾಡಿ ಹಾಕಿರುತ್ತಾರಂತೆ. ಮಕ್ಕಳು ಕೂತದ್ದೂ ಬಣ್ಣ ನೋಡಿಕೊಂಡೇ. ನಮ್ಮ ಕಾಲದಲ್ಲಿ ಎಲ್ಲರಿಗೂ ಒಂದೇ ಪೇಪರು, ಯಾರ ಪಕ್ಕ ಕೂತರೂ ನಡೆಯುತ್ತಿತ್ತು. ಮೇಡಮ್ಮನವರು ಇದೊಂದನ್ನು ಹೇಳಿಕೊಡಲು ಮರೆತಿದ್ದಿರಿ.

ಅವಳು ನನ್ನ ಕೈ ಹಿಡಿದುಕೊಂಡು ಹೋಗಿ ಟ್ಯಾಂಕಿನ ಹತ್ತಿರದ ಗುಲಾಬಿಯವರ ನಡುವೆ ಕೂರಿಸಿದಳು. ಕೊಕ್ಕರೆಯೂ ಹಿಂದೆಯೇ ಬಂದ, ತನ್ನಿಂದಲೇ ನಾನು ಅತ್ತೆನೆಂದು ಅವನ ಮುಖ ಚಿಕ್ಕದಾಗಿತ್ತು. ಮತ್ತೆ ಮೊದಲಿನಿಂದ ನೋಡಿದೆವು. ಒಂದೊಂದು ಉತ್ತರ ಸೇರಿದಾಗಲೂ ಆ ಹುಡುಗಿ ನನ್ನ ತೊಡೆ ತಟ್ಟುತ್ತಿದ್ದಳು, ಇವತ್ತೂ ಉರಿಯುತ್ತಿದೆ. ಮೇಲಕ್ಕೆ ಎಸೆದ ಕಲ್ಲಿನ ಪ್ರಶ್ನೆಗೆ ಮಾತ್ರ ಜಗಳವಾಯಿತು. ತುದಿಯಲ್ಲಿ ಕಲ್ಲು ನಿಂತಾಗ ವೇಗ ಸೊನ್ನೆ, ಆದ್ದರಿಂದ ವೇಗೋತ್ಕರ್ಷವೂ ಸೊನ್ನೆ ಎಂದು ಕೊಕ್ಕರೆಯ ವಾದ. ನಾನು ಬಿಡಲಿಲ್ಲ. ಕಲ್ಲು ಒಂದು ಗಳಿಗೆ ನಿಂತಿತೆಂದು ಭೂಮಿ ಎಳೆಯೋದನ್ನ ನಿಲ್ಸುತ್ತೇನಪ್ಪಾ ಎಂದು ನಿನ್ನ ಮಾತನ್ನೇ ನಿನ್ನ ಧಾಟಿಯಲ್ಲೇ ಹೇಳಿದೆ. ಅವನು ತಲೆ ಕೆರೆದುಕೊಂಡು, ಹೌದಲ್ವಾ ಆಂಟಿ, ಹೋಯ್ತು ನಂದೊಂದು ಮಾರ್ಕು ಎಂದ. ಪಾಪ, ನನ್ನ ಟಿಫಿನ್ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅವನಿಗೇ ಕೊಟ್ಟೆ.

ಕೊನೆಗೆ ಕೂಡಿ ನೋಡಿದರೆ ಪಾಸಾಗಲು ಬೇಕಾದದ್ದಕ್ಕಿಂತ ಆರು ಅಂಕ ಹೆಚ್ಚೇ ಇದೆ. ಫಲಿತಾಂಶ ಬರುವ ತನಕ ಕುಣಿಯಬಾರದು, ಗೊತ್ತು. ಆದರೂ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನೀನು ನನ್ನ ಮಗಳಾಗಿದ್ದಕ್ಕೆ ನನಗೆ ಎಷ್ಟು ಸಂತೋಷವೆಂದು ಎಂದೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಹೊತ್ತು ಹೊತ್ತಿಗೆ ಉಣ್ಣು, ಬೆಚ್ಚಗಿರು. ನಿನ್ನ ಕ್ಲಾಸಿನ ತುಂಟರಿಗೆಲ್ಲ ಈ ದೊಡ್ಡ ವಿದ್ಯಾರ್ಥಿನಿಯ ಆಶೀರ್ವಾದ ತಿಳಿಸು.

ನಿನ್ನ ಪ್ರೀತಿಯ,
ಅಮ್ಮ

ತಾಜಾಕಲಂ: ಇಷ್ಟುದ್ದ ಬರೆದು ಮುಖ್ಯವಾದದ್ದನ್ನೇ ನುಂಗಿಕೊಂಡಿದ್ದೆ. ನಮ್ಮ ಆಸ್ಪತ್ರೆಯಲ್ಲಿದ್ದ ಸಂಜೆಯ ಕೋರ್ಸನ್ನು ಈ ವರ್ಷ ನಿಲ್ಲಿಸಿದ್ದಾರೆ. ಈಗ ಅದಿರುವುದು ರೈಲಿನಲ್ಲಿ ಒಂದು ಹಗಲಿನ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ. ಎರಡು ವರ್ಷ, ಅಲ್ಲೇ ಇದ್ದು ಕಲಿಯಬೇಕು. ನಾನು ಹೋಗುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪನಿಗೆ ಇನ್ನೂ ಹೇಳಿಲ್ಲ. ದಿನಾ ಸಂಜೆ ನನ್ನನ್ನು ಕ್ಲಾಸಿಗೆ ಬಿಟ್ಟು ಬರುತ್ತೇನೆಂದು ಬೆಳಿಗ್ಗೆಯಿಂದ ಅಂಗಳದಲ್ಲಿ ಕೂತು, ಆ ಊದಿದ ಬೆರಳಿನಲ್ಲೇ ಸ್ಕೂಟರಿನ ಹಿಂದಿನ ಸೀಟಿಗೆ ಹೊಸ ಸ್ಪಂಜು ಹಾಕಿ ಹೊಲಿಯುತ್ತಿದ್ದಾರೆ. ಮೆತ್ತಗಿದೆಯಾ ನೋಡು ಬಾ ಎಂದು ಎರಡು ಸಲ ಕರೆದು ಕೂರಿಸಿದರು. ಮೆತ್ತಗಿದೆ ಎಂದಷ್ಟೇ ಹೇಳಿ ಒಳಗೆ ಬಂದೆ. ಶನಿವಾರ ರಜೆ ಹಾಕಿ ಬಾರೇ. ನಾನು ಹೇಳುವಾಗ ನೀನು ಅವರ ಪಕ್ಕ ಕೂತಿರು.