ಫೋಟೋ ತೆಗೆದವಳು

ಲೇ ಪಟಾಕಿ,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ಧಾರಾಳವಾಗಿ ಬೈಯಬಹುದು.

ಗುತ್ತಿಗೆ ಕಂಪನಿಯಿಂದ ನಾವಿಬ್ಬರೂ ಒಂದೇ ದಿನ ಈ ಆಫೀಸಿಗೆ ಬಂದವರು. ನನ್ನ ಕೊರಳಲ್ಲಿ ಇನ್ನೂ ಅದೇ ಹಳದಿ ದಾರದ ಬ್ಯಾಡ್ಜ್. ನಿನ್ನನ್ನು ಇವರು ಕಾಯಂ ಮಾಡಿಕೊಂಡರು, ನಿನ್ನದು ನೀಲಿ ದಾರ. ನೀಲಿ ನಿನಗೆ ಒಪ್ಪುವುದಿಲ್ಲ ಕಣೇ.

ಇವತ್ತು ಹೊಸ ಆ್ಯಪ್ ಶುರುವಾದ ಖುಷಿಗೆ ಎಲ್ಲರೂ ಫೋಟೋಗೆಂದು ಕಿಟಕಿಯ ಮುಂದೆ ನಿಂತಿರಿ. ಅದರಲ್ಲಿ ಅರ್ಧ ಕೆಲಸ ನನ್ನದು. ನಾನೂ ಕೂದಲು ಸರಿಮಾಡಿಕೊಂಡು ಅಂಚಿಗೆ ಬಂದೆ. ಮ್ಯಾನೇಜರ್, "ಇದು ನಮ್ಮ ಸ್ಟಾಫ್ ಫೋಟೋ ಅಲ್ವಾ, ನೀವೇ ಒಂದು ತೆಗೆದುಕೊಡಿ" ಎಂದು ಫೋನನ್ನು ನನ್ನ ಕೈಗಿಟ್ಟರು. ನಡುವೆ ನಿಂತಿದ್ದ ನೀನು, "ಸ್ವಲ್ಪ ಹಿಂದೆ ಹೋಗಿ, ಎಲ್ಲರೂ ಬರ್ಬೇಕು" ಅಂದೆ.

ಎಲ್ಲರೂ!

ಮೊದಲು ಇಂಥ ಹೊತ್ತಿನಲ್ಲಿ ನಮ್ಮಿಬ್ಬರನ್ನೂ ಆಚೆ ನಿಲ್ಲಿಸುತ್ತಿದ್ದರು. ನೀರಿನ ಮೆಷಿನ್ ಪಕ್ಕ ಇವರನ್ನೆಲ್ಲ ಅಣಕಿಸುತ್ತಾ ನಮ್ಮದೇ ಫೋಟೋ ತೆಗೆದುಕೊಳ್ಳುತ್ತಿದ್ದೆವು. ಕ್ಯಾಮೆರಾ ಕಂಡರೆ ನಿನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಅದಕ್ಕೇ ಪ್ರತಿ ಸಲ ಒತ್ತುವ ಮುಂಚೆ ನಾನು, "ಲೇ, ಕಣ್ಣು ಬಿಡೇ!" ಅಂತ ಕೂಗುತ್ತಿದ್ದೆ.

ಇವತ್ತು "ಒನ್, ಟೂ, ತ್ರೀ" ಅಂದೆ, ಅಷ್ಟೇ. ಹೊಟ್ಟೆಕಿಚ್ಚು ಅಂದುಕೋ, ಬೇರೆ ಹೆಸರು ನನಗೂ ಸಿಗುತ್ತಿಲ್ಲ. ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಟಿದ್ದಾರೆ, ನಡುವೆ ನೀನೊಬ್ಬಳು ನಿದ್ದೆ ಹೊಡೆಯುತ್ತಿದ್ದೀಯ.

"ಹೇಗೆ ಬಂತು?" ಎಂದರು ಮ್ಯಾನೇಜರ್.

"ತುಂಬಾ ಚೆನ್ನಾಗಿ ಬಂದಿದೆ ಸರ್" ಅಂದುಬಿಟ್ಟೆ.

ಎಲ್ಲರೂ ಚದುರಿದರೂ ನೀನು ನಿಂತಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದೆ. ಆ ಕೂಗಿಗೆ ಕಾಯುತ್ತಿದ್ದೆಯೇನೇ?