ಹದಿನೇಳನೆಯ ದಿನ ಬಂದ ಮೂತ್ರ

ವೆಲ್ಲೂರು, 14-9-2007

ಅತ್ತೆಗೆ ಪವಿತ್ರಾಳ ನಮಸ್ಕಾರ. ಮೊದಲು ಒಳ್ಳೆಯ ಸುದ್ದಿ ಓದಿಸಿಕೊಳ್ಳಿ. ಹೊಗೆಸೊಪ್ಪು ಮುರಿಯುವಾಗ ಕೊಳಕುಮಂಡಲದ ಹಾವು ಕಚ್ಚಿ ನಿಮ್ಮ ಮಗನ ಮೂತ್ರಪಿಂಡ ನಿಂತುಹೋಗಿತ್ತಲ್ಲ, ಹದಿನೇಳನೆಯ ದಿನವಾದ ಇವತ್ತು ಬೆಳಿಗ್ಗೆ, “ಉಚ್ಚೆ ಬತ್ತಾ ಅದೆ ಕಣಮ್ಮಿ, ಡಾಕ್ಟ್ರಮ್ಮನ್ನ ಕರಿ!” ಎಂದು ಕೂಗಿದರು. ಡಯಾಲಿಸಿಸ್ ಇನ್ನೆರಡು ಸಲ ಸಾಕಂತೆ.

ಕನ್ನಡ ಬಲ್ಲ ಆ ಡಾಕ್ಟರಮ್ಮ ಮೊನ್ನೆ ನನಗೆ ಲ್ಯಾಬಿನಲ್ಲಿ ಕಾಂಡಕೋಶಗಳನ್ನು, ಅಂದರೆ ಹೊಸ ಜೀವಕಣಗಳನ್ನು ಹುಟ್ಟಿಸಬಲ್ಲ ಮೂಲಕಣಗಳನ್ನು, ತೋರಿಸಿದರು. ಯಾರದೋ ಮೂಳೆಯ ಮಜ್ಜೆಯಿಂದ ಬೆಳೆಸಿದ್ದು. ಸೂಕ್ಷ್ಮದರ್ಶಕದಲ್ಲಿ ಮೀನುಮರಿಗಳ ಹಿಂಡಿನಂತೆ ಒತ್ತಾಗಿ ಮಲಗಿದ್ದವು. ಕೆಟ್ಟ ಮೂತ್ರಪಿಂಡ ಇವುಗಳಿಂದ ಬೇಗ ಸರಿಹೋಗುವುದೇ ಎಂದು ಇಲಿಗಳಲ್ಲಿ ನೋಡುತ್ತಿದ್ದಾರೆ. ಮನುಷ್ಯರಿಗೆ ಇನ್ನೂ ಕೊಡುವುದಿಲ್ಲ. ಮಜ್ಜೆ ಕೊಡಲು ಜನ ಹೆದರುತ್ತಾರಂತೆ. ಗುರುತಿಲ್ಲದವರು ನಿಮ್ಮ ಮಗನಿಗೆ ಆರು ಬಾಟಲಿ ರಕ್ತ ಕೊಟ್ಟಿದ್ದಾರೆ, ನಾನು ಸುಮ್ಮನಿರುವುದು ಹೇಗೆ? ನಿನ್ನೆ ನನ್ನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು. ಎರಡು ದಿನ ನೋವಿರುತ್ತದೆ, ಗಾಬರಿಯಾಗಬೇಡಿ.

ಇವರಿಗೆ ಈಗಷ್ಟೇ ಹೇಳಿದೆ. “ನಂಗಾಗ್ದಿರೋ ಔಸ್ದಿಗೆ ನೀನ್ಯಾಕೆ ಚುಚ್ಚುಸ್ಕೊಂಡೆ?” ಎಂದು ರೇಗಿದರು.

“ಇನ್ಯಾರೋ ಹೊಲದಲ್ಲಿ ಕಚ್ಚುಸ್ಕೊಂಡೋರ್ಗೆ ಆಯ್ತದೆ ಬುಡಿ” ಎಂದೆ.

ಅವರು ಟ್ಯೂಬುಗಳನ್ನು ಜೋಪಾನವಾಗಿ ಹಿಡಿದುಕೊಂಡು ಮಂಚದ ಅಂಚಿಗೆ ಸರಿದು ನನಗೆ ಜಾಗ ಮಾಡಿದರು. ಅಲ್ಲೇ ಒರಗಿ ಬರೆಯುತ್ತಿದ್ದೇನೆ. ಅಂಚೆ ಕಾರ್ಡು ತುಂಬಿತು.

ನಿಮ್ಮ ಸೊಸೆ,
ಪವಿತ್ರಾ